ಹಗ್ಗ ಹಿಡಿದವರನ್ನು ಮಾತಾಡಿಸಬೇಡಿ

ನಾನು ಹಗ್ಗ. ನೈಲಾನಿನದಲ್ಲ, ಪುಂಡಿನಾರಿನ ಹಗ್ಗ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಅಂಗಡಿಗಳಲ್ಲಿ ನೀಲಿ ಹಸಿರು ಬಣ್ಣದ ಹಗ್ಗಗಳು ಬಂದಿವೆಯಂತೆ, ಜನ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಅವು ಹಿಡಿದರೆ ಜಾರುತ್ತವೆ. ನಾನು ಜಾರುವ ಜಾತಿಯಲ್ಲ. ಕೊಂಚ ಚುಚ್ಚುತ್ತೇನೆ, ನಿಜ. ಆದರೆ ನನ್ನನ್ನು ಹಿಡಿದವರಿಗೆ ತಾವು ಏನನ್ನೋ ಹಿಡಿದಿದ್ದೇವೆ ಎಂಬ ಖಾತ್ರಿ ಇರುತ್ತದೆ.

ನನಗೆ ಕಣ್ಣಿಲ್ಲ. ಕಿವಿ ಇದೆಯೋ ಇಲ್ಲವೋ ನೀವೇ ತೀರ್ಮಾನಿಸಿ, ಮಾತು ಮಾತ್ರ ಚೆನ್ನಾಗಿ ಕೇಳುತ್ತದೆ. ಮನುಷ್ಯರನ್ನು ನಾನು ಗುರುತಿಸುವುದು ಅಂಗೈಯಿಂದ. ಮುಖ ನೋಡಿ ಮೋಸ ಹೋದವರ ಗೋಳನ್ನು ಬೇಕಾದಷ್ಟು ಕೇಳಿದ್ದೇನೆ. ಅಂಗೈ ಮಾತ್ರ ನನಗೆ ಇವತ್ತಿನವರೆಗೆ ಸುಳ್ಳು ಹೇಳಿಲ್ಲ.

ನಾನು ಹುಟ್ಟಿದ್ದು ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ, ದ್ಯಾಮವ್ವನ ಮನೆಯ ಅಂಗಳದಲ್ಲಿ. ಹೊಲದ ಅಂಚಿನ ಪುಂಡಿಗಿಡಗಳನ್ನು ಕೊಯ್ದು, ಹಳ್ಳದ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಕೊಳೆಯುವ ತನಕ ಬಿಟ್ಟರು. ಆ ವಾಸನೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮ್ಮ ಊಟದ ಹೊತ್ತಾಗಿದ್ದರೆ ಕಷ್ಟ. ಆಮೇಲೆ ನಾರು ಸುಲಿದು, ಬಡಿದು, ಒಣಗಿಸಿ, ದ್ಯಾಮವ್ವ ಎಳೆ ಎಳೆಯಾಗಿ ಹೊಸೆದಳು. ಅವಳ ಗಂಡ ಒಂದು ತುದಿ ಹಿಡಿದು ಹುರಿ ಹಾಕುತ್ತ ಹಿಂದೆ ಹಿಂದೆ ನಡೆದ. ಹಾಗೆ ಸರಿಯುತ್ತ ಸರಿಯುತ್ತ ಪಕ್ಕದ ಮನೆಯ ಕಟ್ಟೆ ದಾಟಿ ಬೀದಿಯ ಮೂಲೆಗೆ ಹೋದನೆಂದರೆ ನಾನೆಷ್ಟು ಉದ್ದ ಇದ್ದೆ ಎಂದು ನೀವೇ ಊಹಿಸಿಕೊಳ್ಳಿ.

“ಇಷ್ಟುದ್ದ ಯಾರಿಗೆ ಬೇಕಾಗೈತಿ?” ಎಂದು ಅವನು ಅಲ್ಲಿಂದಲೇ ಕೂಗಿ ಕೇಳಿದ.

“ಬೇಕಾದವ್ರು ಬರ್ತಾರ ಬಿಡು. ನೀ ಹುರಿ ಸಡ್ಲ ಬಿಡಬ್ಯಾಡ,” ಎಂದಳು ದ್ಯಾಮವ್ವ.

ಬೇಕಾದವನು ಬಂದ. ಧಾರವಾಡದಲ್ಲಿ ಪೆಂಡಾಲು ಹಾಕುವ ಗದಿಗೆಪ್ಪ. ಅವನ ಅಂಗೈ ಸದಾ ಅವಸರದ್ದು. ಒಂದು ಪೆಂಡಾಲು ಬಿಚ್ಚುವಾಗಲೇ ಇನ್ನೊಂದು ಪೆಂಡಾಲಿನ ಚಿಂತೆ. ಮದುವೆಗೂ ಅದೇ ಬಟ್ಟೆ, ಚುನಾವಣೆಗೂ ಅದೇ ಬಟ್ಟೆ, ಯಾರಾದರೂ ತೀರಿಕೊಂಡರೂ ಅದೇ ಬಟ್ಟೆ. ಅದನ್ನು ಎತ್ತಿ ಹಿಡಿಯುವ ನಾನೂ ಅದೇ. ಪೆಂಡಾಲಿನ ಕೆಳಗೆ ಕೂತವರು ಬಟ್ಟೆ ಚೆಂದ ಇದೆ ಎನ್ನುತ್ತಾರೆ, ಲೈಟು ಚೆಂದ ಇದೆ ಎನ್ನುತ್ತಾರೆ. ಹಗ್ಗ ಚೆಂದ ಇದೆ ಎಂದದ್ದನ್ನು ನಾನು ಕೇಳಿಲ್ಲ. ಕಾಲಿಗೆ ಸಿಕ್ಕಾಗ ಮಾತ್ರ “ಇದ್ಯಾವ ಸುಡಗಾಡ ಹಗ್ಗ” ಎನ್ನುತ್ತಾರೆ. ಮೊದಮೊದಲು ಬೇಜಾರಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಗದಿಗೆಪ್ಪನ ಆ ಅವಸರವೇ ನನ್ನ ಹಣೆಬರಹ ಬದಲಾಯಿಸಿತು. ಹಳಿಯಾಳದ ರಸ್ತೆಯ ಪಕ್ಕದ ಒಂದು ವಸತಿ ಶಾಲೆಯಲ್ಲಿ ಬೇಸಿಗೆ ರಜೆಯ ಶಿಬಿರ ಇತ್ತು. ಅದರ ಉದ್ಘಾಟನೆಗೆ ಪೆಂಡಾಲು ಹಾಕಿದ. ಭಾಷಣ ಮುಗಿದದ್ದೇ ತಡ, ಎಲ್ಲವನ್ನೂ ಕಿತ್ತು ಟ್ರ್ಯಾಕ್ಟರಿಗೆ ತುಂಬಿ ಹೊರಟುಹೋದ. ಮಾವಿನ ಮರಕ್ಕೆ ಸುತ್ತಿದ್ದ ನನ್ನನ್ನು ಮರೆತೇ ಹೋದ. ಸಂಜೆಯವರೆಗೆ ಕಾದೆ, ಬರಲಿಲ್ಲ. ಸಂಜೆ ಬೇರೆ ಯಾರದೋ ಕೈ ನನ್ನನ್ನು ಬಿಚ್ಚಿತು. ಆ ಕೈಗೆ ಅವಸರ ಇರಲಿಲ್ಲ. ಗಂಟನ್ನು ಎಳೆದಾಡದೆ ಬೆರಳ ತುದಿಯಿಂದ ಸಡಿಲಿಸಿ ಬಿಚ್ಚಿತು. ಅದು ಕಸ್ತೂರಿಯ ಕೈ.

ಕಸ್ತೂರಿ ಆಗಷ್ಟೇ ಬಿ.ಎ. ಮುಗಿಸಿ, ಆ ಒಂದು ತಿಂಗಳ ಮಟ್ಟಿಗೆ ಶಿಬಿರದಲ್ಲಿ ಕೆಲಸಕ್ಕೆ ಸೇರಿದ್ದ ಹುಡುಗಿ. ಶಿಬಿರ ಎಂದರೆ ಮಕ್ಕಳದ್ದಲ್ಲ, ಬರೀ ಅಂಗವಿಕಲರದ್ದೂ ಅಲ್ಲ, ದೊಡ್ಡವರೆಲ್ಲರೂ ಸೇರಿದ ಶಿಬಿರ. ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯವರು, ನಿಧಾನವಾಗಿ ಕಲಿಯುವವರು ಇದ್ದರು. ಅವರಷ್ಟೇ ಮಂದಿ ಇಂಥದೇನೂ ಇಲ್ಲದವರೂ ಇದ್ದರು. ಒಟ್ಟಿಗೆ ಉಣ್ಣಬೇಕು, ಆಡಬೇಕು, ಮಣ್ಣಿನ ಗೊಂಬೆ ಮಾಡಬೇಕು, ಜಗಳವನ್ನೂ ಒಟ್ಟಿಗೇ ಆಡಬೇಕು ಎಂಬುದು ಕುಬೇರಪ್ಪ ಮಾಸ್ತರರ ಆಸೆ. ನಿವೃತ್ತಿಯಾದ ಮೇಲೆ ಪ್ರತಿ ಬೇಸಿಗೆಯಲ್ಲೂ ಈ ಶಿಬಿರ ನಡೆಸುತ್ತಿದ್ದವರು ಅವರೇ.

ಕಸ್ತೂರಿ ನನ್ನನ್ನು ಒಯ್ದು, ಹೆಂಗಸರು ಮಲಗುವ ಕೋಣೆಯಲ್ಲಿ ಹಗಲು ಹೊತ್ತು ಹಾಸಿಗೆಗಳನ್ನು ಸುತ್ತಿ ಕಟ್ಟಲು ಇಟ್ಟಳು. ಪೆಂಡಾಲು ಎತ್ತಿದವನಿಗೆ ಹಾಸಿಗೆ ಕಟ್ಟುವ ಕೆಲಸ. ನನ್ನ ಮುಖ ಸಪ್ಪಗಾಯಿತು. ಆದರೆ ಆ ಮೂಲೆಯಲ್ಲಿ ಬಿದ್ದುಕೊಂಡದ್ದರಿಂದಲೇ ನೀಲಗಂಗಾಳ ಮಾತು ನನ್ನ ಕಿವಿಗೆ ಬಿದ್ದದ್ದು.

ನೀಲಗಂಗಾ ಹೆಬಸೂರಿನವಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಹುಟ್ಟಿನಿಂದ ಕಣ್ಣಿಲ್ಲ. ಹಿಟ್ಟಿನ ಗಿರಣಿ ನಡೆಸುವ ಅಣ್ಣ ಶಂಕ್ರಪ್ಪನ ಮನೆಯಲ್ಲಿ ಇರುತ್ತಿದ್ದಳು, ಅತ್ತಿಗೆಯನ್ನು ವೈನಿ ಎಂದು ಕರೆಯುತ್ತಿದ್ದಳು. ಮಾತಿನ ಮಲ್ಲಿ. ಹಾಡಿದರೆ ಅಡುಗೆಯವರೂ ಸೌಟು ಕೆಳಗಿಟ್ಟು ಬರುತ್ತಿದ್ದರು. ಕಸ್ತೂರಿಗೆ ಅವಳನ್ನು ನೋಡಿಕೊಳ್ಳುವ ಕೆಲಸ ಬಂದಿತ್ತು. ಹೊಸ ಉತ್ಸಾಹ ನೋಡಿ, ಹುಡುಗಿ ಬೆಳಗಿನಿಂದ ಸಂಜೆಯವರೆಗೆ ನೀಲಗಂಗಾಳ ಮುಂಗೈ ಹಿಡಿದೇ ಇರುತ್ತಿದ್ದಳು. ಊಟಕ್ಕೆ ಕರೆದೊಯ್ಯುವುದು ಹಾಗೇ, ಆಟಕ್ಕೆ ಕರೆದೊಯ್ಯುವುದು ಹಾಗೇ. ಎಮ್ಮೆಯ ಹಗ್ಗ ಹಿಡಿದವರೂ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಹಗ್ಗವಾದ ನಾನು ಹೇಳುವ ಮಾತಿದು, ನಂಬಬಹುದು.

ಬಿಸಿಲು ನೆತ್ತಿಗೇರಿದ ಒಂದು ಮಧ್ಯಾಹ್ನ ನೀಲಗಂಗಾ ಮಣ್ಣಿನ ಗೊಂಬೆ ಮಾಡುತ್ತ ಕೂತವಳು ಹಾಗೇ ಒರಗಿಬಿಟ್ಟಳಂತೆ. ನಾಲ್ಕು ಜನ ಎತ್ತಿಕೊಂಡು ಕೋಣೆಗೆ ತಂದು ಮಲಗಿಸಿದರು. ಶಿಬಿರದ ನರ್ಸಮ್ಮ ನಾಡಿ ಹಿಡಿದು, ನಾಲಿಗೆ ನೋಡಿ, “ಮೈಯಾಗ ನೀರ ಇಲ್ಲ. ಮುಂಜಾನಿಂದ ಏನ್ ಕುಡದಾರ ಇವರು?” ಎಂದು ಕೇಳಿದರು.

“ಚಾ ಕುಡದೀನ್ರಿ, ಅರ್ಧ ಕಪ್ಪ,” ಎಂದಳು ನೀಲಗಂಗಾ.

“ನೀರು?”

“ನೀರಡಿಕಿ ಆಗಂಗಿಲ್ರಿ ನನಗ.”

ಮೇ ತಿಂಗಳ ಧಾರವಾಡದಲ್ಲಿ ನೀರಡಿಕೆ ಆಗುವುದಿಲ್ಲ ಎಂದರೆ ಯಾರು ನಂಬಬೇಕು. ನರ್ಸಮ್ಮ ಉಪ್ಪು ಸಕ್ಕರೆಯ ನೀರು ಕುಡಿಸಿ ಹೋದರು. ಕುಬೇರಪ್ಪ ಮಾಸ್ತರರು ಬಾಗಿಲಲ್ಲೇ ನಿಂತು ಶಂಕ್ರಪ್ಪನಿಗೆ ಫೋನು ಮಾಡಿದರು. ಆ ಕಡೆಯ ಮಾತು ನನಗೆ ಕೇಳಲಿಲ್ಲ. ಈ ಕಡೆಯಿಂದ “ಹೌದ್ರಿ, ಹೌದ್ರಿ, ರವಿವಾರ ಬರ್ರಿ. ಆರಾಮ ಆಗಿರಲಿಲ್ಲಂದ್ರ ಕರಕೊಂಡ ಹೋಗಾಕ ಅಡ್ಡಿಯಿಲ್ರಿ” ಎಂದದ್ದು ಕೇಳಿಸಿತು. ಹಾಸಿಗೆಯ ಮೇಲೆ ನೀಲಗಂಗಾ ಉಸಿರು ಬಿಗಿ ಹಿಡಿದದ್ದೂ ಕೇಳಿಸಿತು.

ಎಲ್ಲರೂ ಹೋದ ಮೇಲೆ ಕಸ್ತೂರಿ ಹತ್ತಿರ ಕೂತು, “ಖರೇ ಹೇಳ್ರಿ ಅಕ್ಕಾರ. ಯಾಕ ನೀರ ಕುಡಿಯಂಗಿಲ್ಲ?” ಎಂದಳು.

ನೀಲಗಂಗಾ ಮೊದಲು ಬಾಗಿಲು ಮುಚ್ಚಿಸಿದಳು. ಆಮೇಲೆ, “ಕುಡದ್ರ ಹೋಗಬೇಕಲ್ಲ ತಂಗಿ. ಹೋಗಬೇಕಂದ್ರ ಯಾರನ್ನರ ಕರೀಬೇಕಲ್ಲ,” ಎಂದಳು.

“ನಾ ಇಲ್ಲೇನ್ರಿ? ನನ್ನ ಕರೀರಿ.”

“ನೀ ಒಂದ ತಿಂಗಳ ಇರ್ತಿ. ಮನಿಯಾಗ ವೈನಿ ರೊಟ್ಟಿ ಬಡಿಯಾಕತ್ತಿರ್ತಾಳ, ಆಕಿನ್ನ ಎಬ್ಬಸಬೇಕು. ಆಕಿ ಬೈಯಂಗಿಲ್ಲ, ಒಂದ ದಿನಾನೂ ಬೈದಿಲ್ಲ. ಆದ್ರೂ ಆಕಿ ಕೈಯಾಗಿನ ಹಿಟ್ಟ ಕೊಡವಿ ಏಳೂ ಸಪ್ಪಳ ಕೇಳ್ತೈತಲ್ಲ, ನನಗ ಜೀವ ಹಿಡಿ ಆಗತೈತಿ. ಅದಕ್ಕ ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ. ನಡುವ ನೀರ ಬ್ಯಾಡಂತ ಸಣ್ಣಾಕಿದ್ದಾಗಿಂದ ರೂಢಿ ಮಾಡಕೊಂಡೀನಿ. ಇದನ್ನ ಅಣ್ಣನ ಮುಂದ ಹೇಳಬ್ಯಾಡ ಮತ್ತ. ಗಂಡಸರ ಮುಂದ ಇಂಥಾದ್ದ ಹೆಂಗ ಹೇಳೂದು?”

ನಾನು ಹಾಸಿಗೆಗಳ ಸುತ್ತ ಬಿಗಿದುಕೊಂಡು ಕೇಳುತ್ತಿದ್ದೆ. ದುಃಖವಾಯಿತು. ಒಂದು ತಂಬಿಗೆ ನೀರಿಗಾಗಿ ಒಬ್ಬ ಹೆಣ್ಣುಮಗಳು ಇಷ್ಟು ವರ್ಷ ಲೆಕ್ಕಾಚಾರ ಹಾಕಿದ್ದಳು. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಕೇಳಿದವರೂ ಯಾರೂ ಇರಲಿಲ್ಲ.

ಕಸ್ತೂರಿ ಎದ್ದು ಕೋಣೆಯ ಉದ್ದಗಲ ಎರಡು ಸಲ ಓಡಾಡಿದಳು. ಆಮೇಲೆ ಹಾಸಿಗೆಯ ಸುರುಳಿಯ ಹತ್ತಿರ ಬಂದು ನನ್ನ ಮೇಲೆ ಕೈಯಿಟ್ಟಳು. ಎಳೆದು ನೋಡಿದಳು. ಗಟ್ಟಿ ಇದ್ದೆ.

ಮರುದಿನ ಬೆಳಿಗ್ಗೆ ನನ್ನನ್ನು ಹೊರಗೆ ಎಳೆದು ಕಟ್ಟಿದರು. ಒಂದು ತುದಿ ಕೋಣೆಯ ಜಗುಲಿಯ ಕಂಬಕ್ಕೆ. ಅಲ್ಲಿಂದ ಮಾವಿನ ಮರಕ್ಕೆ ಒಂದು ಸುತ್ತು, ನಲ್ಲಿಯ ಹತ್ತಿರದ ಕಂಬಕ್ಕೆ ಒಂದು ಸುತ್ತು, ಕೊನೆಯ ತುದಿ ಅಂಗಳದ ಆ ಬದಿಯ ಸಂಡಾಸಿನ ಕಿಟಕಿಯ ಸರಳಿಗೆ. ಎಲ್ಲ ಸೊಂಟದೆತ್ತರಕ್ಕೆ. ಕಸ್ತೂರಿ ತಾನೇ ಕಣ್ಣು ಮುಚ್ಚಿಕೊಂಡು ಹಿಡಿದು ನಡೆದು ನೋಡಿದಳು, ಎರಡು ಸಲ ಮರಕ್ಕೆ ಹಣೆ ಬಡಿಸಿಕೊಂಡಳು. ಆಮೇಲೆ ಸಣ್ಣ ದಾರದಿಂದ ನನ್ನ ಮೈಮೇಲೆ ಗಂಟು ಕಟ್ಟಿದಳು. ಮರ ಬರುವ ಮುಂಚೆ ಒಂದು ಗಂಟು. ನಲ್ಲಿಯ ಮುಂಚೆ ಒಂದು ಗಂಟು. ಸಂಡಾಸಿನ ಮೆಟ್ಟಿಲು ಬರುವ ಮುಂಚೆ ಮೂರು ಗಂಟು ಒತ್ತೊತ್ತಾಗಿ. ಮೂರು ಗಂಟು ಸಿಕ್ಕರೆ ನಿಲ್ಲು, ಕಾಲು ಚಾಚು, ಮೆಟ್ಟಿಲು ಇದೆ ಎಂದು ಅರ್ಥ.

ಕುಬೇರಪ್ಪ ಮಾಸ್ತರರಿಗೆ ಪೂರ್ತಿ ಮನಸ್ಸಿರಲಿಲ್ಲ. “ಬಿದ್ದು ಕೈಕಾಲ ಮುರಕೊಂಡ್ರ ಅವರ ಅಣ್ಣಗ ನಾ ಏನ್ ಹೇಳ್ಲಿ ಕಸ್ತೂರಿ? ಈಗ ಒಮ್ಮೆ ತೆಲಿ ತಿರುಗಿ ಬಿದ್ದಾರ. ಇನ್ನೊಂದ ಏನರ ಆತಂದ್ರ ಹಗ್ಗ ಬಿಚ್ಚಿಸ್ತೀನಿ, ಅವರನ್ನೂ ಮನಿಗೆ ಕಳಸ್ತೀನಿ,” ಎಂದರು.

“ಆಗಲಿ ಸರ್,” ಎಂದಳು ಕಸ್ತೂರಿ. ನನ್ನ ಮೇಲಿದ್ದ ಅವಳ ಕೈ ಬೆವರಿತ್ತು.

ಹೀಗೆ ಹೆಬಸೂರಿನ ನೀಲಗಂಗಾ ನನ್ನನ್ನು ಹಿಡಿದಳು. ತೆಳ್ಳಗಿನ, ಒಣಗಿದ ಅಂಗೈ. ಹಿಡಿತ ಮಾತ್ರ ಸೂಕ್ಷ್ಮ. ಗದಿಗೆಪ್ಪ ಎಷ್ಟೋ ವರ್ಷ ಜಗ್ಗಿ ತಿಳಿಯದ ನನ್ನ ಮೈಯ ಉಬ್ಬು ತಗ್ಗುಗಳನ್ನು ಅವಳು ಒಂದೇ ಸಲಕ್ಕೆ ತಿಳಿದುಕೊಂಡಳು. ಆದರೆ ನಾಲ್ಕು ಹೆಜ್ಜೆ ಇಡುವುದರೊಳಗೆ ತೊಂದರೆ ಶುರುವಾಯಿತು. ತೊಂದರೆ ಅಂದರೆ ಒಳ್ಳೆಯ ಜನ. “ಎಲ್ಲಿಗೆ ಹೊಂಟೀರಿ ಅಕ್ಕಾರ?” ಎಂದು ಒಬ್ಬರು. “ತಡೀರಿ, ಕೈ ಹಿಡೀತೀನಿ,” ಎಂದು ಇನ್ನೊಬ್ಬರು. “ಬಲಕ್ಕ, ಬಲಕ್ಕ, ಅಲ್ಲಲ್ಲ, ಎಡಕ್ಕ,” ಎಂದು ದೂರದಿಂದ ಮತ್ತೊಬ್ಬರು. ಅಡುಗೆಮನೆಯಿಂದ ಒಬ್ಬಳು ಓಡಿಬಂದು ಮುಂಗೈಯನ್ನೇ ಹಿಡಿದುಬಿಟ್ಟಳು. ಸಂಡಾಸಿಗೆ ಹೋಗುವ ಹೆಂಗಸಿನ ಹಿಂದೆ ಒಂದು ಮೆರವಣಿಗೆಯೇ ಹೊರಟಿತು. ನೀಲಗಂಗಾ ಅರ್ಧದಿಂದಲೇ ತಿರುಗಿ ಬಂದು, “ಬ್ಯಾಡ ಬಿಡು ತಂಗಿ. ಇದಕ್ಕಿಂತ ನೀರ ಬಿಡೂದ ಪಾಡ,” ಎಂದಳು.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಕಸ್ತೂರಿ ಎಲ್ಲರ ಎದುರು ನಿಂತು ಒಂದು ಕಟ್ಟಳೆ ಹೇಳಿದಳು. “ಇವತ್ತಿಂದ ಹಗ್ಗದ ಮ್ಯಾಲ ಕೈ ಇದ್ದವರನ್ನ ಯಾರೂ ಮಾತಾಡಸಬಾರದು. ಎಲ್ಲಿಗೆ ಅಂತ ಕೇಳಬಾರದು, ಕೈ ಹಿಡೀಬಾರದು. ಅವರಾಗಿ ಕರದ್ರ ಮಾತ್ರ ಹೋಗಬೇಕು.”

ಊಟದ ಮನೆಯಲ್ಲಿ ಗುಜುಗುಜು ಎದ್ದಿತು. ಗಾಲಿಕುರ್ಚಿಯ ಮಹಾನಿಂಗ ಎಂಬವರು ದನಿ ಎತ್ತರಿಸಿ, “ನಮಸ್ಕಾರನೂ ಹೇಳಬಾರದೇನ್ರಿ?” ಎಂದು ಕೇಳಿದರು. ತಾಲೂಕು ಕಚೇರಿಯಲ್ಲಿ ಗುಮಾಸ್ತರು, ತಮಾಷೆಯ ಮನುಷ್ಯ.

“ನೀವು ಸಂಡಾಸಕ್ಕ ಹೋಗೂ ಮುಂದ ದಾರಿಗುಂಟ ಎಲ್ಲಾರೂ ನಮಸ್ಕಾರ ಮಾಡಿದ್ರ ಹೆಂಗಾಗತೈತ್ರಿ ನಿಮಗ?” ಎಂದಳು ಕಸ್ತೂರಿ.

 ಮಹಾನಿಂಗ ನಿಧಾನವಾಗಿ, “ಮಾಡ್ತಾರ ತಂಗಿ. ಕುರ್ಚಿ ದಬ್ಬಾಕ ದಿನಾ ನಾಲ್ಕ ಮಂದಿ ಬರ್ತಾರ, ನಾಲ್ಕ ಮಂದೀನೂ ಎಲ್ಲಿಗಂತ ಕೇಳ್ತಾರ,” ಎಂದರು. ಅಂದಿನಿಂದ ಆ ಕಟ್ಟಳೆಗೆ ಅವರೇ ಕಾವಲುಗಾರ. ಮಾವಿನ ಮರದ ಕೆಳಗೆ ಕುರ್ಚಿ ನಿಲ್ಲಿಸಿಕೊಂಡು, ಯಾರಾದರೂ ಬಾಯಿ ತೆರೆದರೆ ಶ್ಶ್ ಎಂದು ಗದರುತ್ತಿದ್ದರು. ಬರಬರುತ್ತ ಶಿಬಿರಕ್ಕೆ ಅದೊಂದು ವ್ರತವೇ ಆಗಿಹೋಯಿತು. ನನ್ನ ಮೇಲೆ ಕೈ ಬಿದ್ದರೆ ಸಾಕು, ಅಂಗಳವೆಲ್ಲ ಗಪ್ಪನೆ ಮೌನ.

ನೀಲಗಂಗಾ ಅಂದು ಸಂಜೆ ಒಬ್ಬಳೇ ಹೋದಳು. ಒಬ್ಬಳೇ ಬಂದಳು. ಹೋಗುವಾಗ ಅವಳ ಕೈ ನನ್ನನ್ನು ಅಮುಕುತ್ತಿತ್ತು, ಬರುವಾಗ ಸುಮ್ಮನೆ ಸವರುತ್ತಿತ್ತು. ಜಗುಲಿಗೆ ಬಂದು ಕೂತವಳು, “ಒಂದ ತಂಬಿಗಿ ನೀರ ಕೊಡು ತಂಗಿ,” ಎಂದಳು. ಗಟಗಟ ಕುಡಿದ ಸದ್ದು ಕೇಳಿ ನನಗಾದ ಸಂತೋಷ ಇಷ್ಟಿಷ್ಟಲ್ಲ. ಯಾವ ಮದುವೆಯ ಪೆಂಡಾಲಿನಲ್ಲೂ ಅಂಥ ಸಂಭ್ರಮ ನನಗೆ ಆಗಿರಲಿಲ್ಲ.

ರವಿವಾರ ಬಂತು. ಶಂಕ್ರಪ್ಪ ಚುರುಮುರಿ ಉಂಡೆಯ ಡಬ್ಬಿ ಹಿಡಿದುಕೊಂಡು ಬಂದ. ಬಂದವನೇ ಬಟ್ಟೆಬರೆ ಕಟ್ಟಿಕೋ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ನೀಲಗಂಗಾ ಅವನನ್ನು ಜಗುಲಿಯಲ್ಲಿ ಕೂರಿಸಿ, “ನಾ ಆರಾಮ ಅದೀನಿ ಯಣ್ಣ. ನೋಡಿಲ್ಲೆ,” ಎಂದು ಅವನೆದುರೇ ಒಂದು ತಂಬಿಗೆ ನೀರು ಕುಡಿದಳು. ಮೇಲೆ ಒಂದು ಗ್ಲಾಸು ಪಾನಕವನ್ನೂ ಕುಡಿದಳು. ಶಂಕ್ರಪ್ಪ ಬೆರಗಾಗಿ, “ಮನಿಯಾಗ ಒಂದ ಗುಟುಕ ಕುಡಿಯಂಗಿಲ್ಲಲ್ಲ ನೀ,” ಎಂದ. ಅವಳು ಮಾತು ಮರೆಸಿದಳು. ಕೊಂಚ ಹೊತ್ತು ಊರ ಸುದ್ದಿ ಕೇಳಿದಳು. ಆಮೇಲೆ ಎದ್ದು, “ಕುಂದ್ರು, ಬರ್ತೀನಿ,” ಎಂದು ಕಂಬದ ಹತ್ತಿರ ಬಂದು ನನ್ನನ್ನು ಹಿಡಿದಳು.

ಶಂಕ್ರಪ್ಪ ದಡಬಡಿಸಿ ಎದ್ದ. ಕಸ್ತೂರಿ ತಡೆದು, “ಬ್ಯಾಡ್ರಿ. ಸುಮ್ಮನ ನೋಡ್ರಿ,” ಎಂದಳು. ಆ ದನಿಯಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಪಾಪ, ನನಗೆ ಅಳು ಬರುವುದೊಂದು ಬಾಕಿ.

ಏಕೆಂದರೆ ಆ ಹೊತ್ತಿಗೆ ಇಡೀ ಶಿಬಿರದಲ್ಲಿ ಒಂದು ಸಂಗತಿ ಗೊತ್ತಿದ್ದದ್ದು ನನಗೊಬ್ಬನಿಗೆ. ನನ್ನ ಕೊನೆಯ ತುದಿ ಸಂಡಾಸಿನ ಕಿಟಕಿಯಲ್ಲಿ ಇರಲಿಲ್ಲ.

ಸ್ವಲ್ಪ ಮುಂಚೆ, ಎಲ್ಲರೂ ಒಳಗೆ ನಾಷ್ಟಾ ಮಾಡುತ್ತಿದ್ದಾಗ, ಕಲ್ಲಂಗಡಿ ತುಂಬಿಕೊಂಡು ಒಂದು ಟೆಂಪೊ ಬಂದಿತ್ತು. ನಾನು ದಾರಿಗೆ ಅಡ್ಡ ಇದ್ದೆ. ಚಾಲಕ ಫಕೀರಪ್ಪ ಇಳಿದು ಬಂದು ಕಿಟಕಿಯಿಂದ ನನ್ನನ್ನು ಬಿಚ್ಚಿದ, ಟೆಂಪೊ ಒಳಗೆ ತಂದ, ಹಣ್ಣು ಇಳಿಸಿದ. ಬಿಚ್ಚಿದ್ದನ್ನು ಹಾಗೇ ಬಿಟ್ಟುಹೋಗುವ ಮನುಷ್ಯನಲ್ಲ ಅವನು. ಟೆಂಪೊ ಹೊರಗೆ ಬಿಟ್ಟು ಮತ್ತೆ ನಡೆದು ಬಂದ, ನೆಲದ ಮೇಲೆ ಬಿದ್ದಿದ್ದ ನನ್ನ ತುದಿಯನ್ನು ಎತ್ತಿಕೊಂಡ, ಎದುರಿಗೆ ಕಂಡ ಗಟ್ಟಿಯಾದ ಕಂಬಕ್ಕೆ ಬಿಗಿಯಾಗಿ, ಚೆಂದಾಗಿ, ಎರಡು ಸುತ್ತು ಹಾಕಿ ಕಟ್ಟಿ ಹೋದ. ಆ ಕಂಬ ಗೇಟಿನ ಕಂಬ. ನಲ್ಲಿಯಿಂದ ಸಂಡಾಸು ಎಷ್ಟು ದೂರವೋ ಗೇಟೂ ಹೆಚ್ಚು ಕಡಿಮೆ ಅಷ್ಟೇ ದೂರ, ದಿಕ್ಕು ಮಾತ್ರ ತುಸು ಓರೆ. ಗೇಟಿನಾಚೆ ಹಳಿಯಾಳದ ರಸ್ತೆ.

ನೀಲಗಂಗಾ ಮಾವಿನ ಮರ ದಾಟಿದಳು. ಅಲ್ಲೇ ಕೂತಿದ್ದ ಮಹಾನಿಂಗ ಪಕ್ಕದವರಿಗೆ ಶ್ಶ್ ಎಂದರು. ನಲ್ಲಿ ದಾಟಿದಳು. ಪಾತ್ರೆ ತೊಳೆಯುತ್ತಿದ್ದವರು ಪಾತ್ರೆಯ ಸದ್ದನ್ನೂ ನಿಲ್ಲಿಸಿದರು. ಅವಳು ಸಂಡಾಸು ಬಿಟ್ಟು ಗೇಟಿನ ಕಡೆ ಹೋಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಅವಳು ಗಾಳಿಗೆ ಹೊರಟಿರಬೇಕು, ನಮಗೇಕೆ ಊರ ಉಸಾಬರಿ ಎಂದು ಎಲ್ಲರೂ ಅಂದುಕೊಂಡರಂತೆ. ಆಮೇಲೆ ಒಬ್ಬೊಬ್ಬರಾಗಿ ಹೇಳಿಕೊಂಡದ್ದು ಇದು. ಕೇಳುವಂತಿಲ್ಲ, ಕೈ ಹಿಡಿಯುವಂತಿಲ್ಲ, ಕಟ್ಟಳೆ ಎಂದರೆ ಕಟ್ಟಳೆ. ಇಂಥ ವಿಧೇಯರ ಕೈಗೆ ಸಿಕ್ಕರೆ ದೇವರೇ ಗತಿ.

ನಾನು ಚುಚ್ಚಿದೆ. ಇದ್ದಬದ್ದ ನಾರನ್ನೆಲ್ಲ ನಿಮಿರಿಸಿ ಅವಳ ಅಂಗೈಗೆ ಚುಚ್ಚಿದೆ. ಹಾಗೆ ಚುಚ್ಚಿದೆ ಎಂದು ನನಗೆ ಅನಿಸಿತು ಅಷ್ಟೇ. ಹಗ್ಗಕ್ಕೆ ಅದೆಲ್ಲ ಎಲ್ಲಿ ಸಾಧ್ಯ. ಲಾರಿಯೊಂದು ಹಾದುಹೋದ ನಡುಕ ಗೇಟಿನ ಕಂಬದಿಂದ ನನ್ನ ಮೈಗೆ ಬಂತು. ಎದೆಯೇ ಇಲ್ಲದ ನನಗೂ ಎದೆ ಧಸಕ್ಕೆಂದಿತು. ಅವಳಿಗೆ ಅವಸರ ಬೇರೆ. ಒಂದು ತಂಬಿಗೆ ನೀರು, ಮೇಲೆ ಪಾನಕ.

ಜಗುಲಿಯಲ್ಲಿ ಕಸ್ತೂರಿ ಶಂಕ್ರಪ್ಪನಿಗೆ ಗಂಟುಗಳ ಲೆಕ್ಕ ವಿವರಿಸುತ್ತಿದ್ದಳು. ಶಂಕ್ರಪ್ಪ ಅವಳ ಮಾತನ್ನು ಅರ್ಧಕ್ಕೇ ತಡೆದು, “ಸಂಡಾಸ ಗೇಟಿನ ಕಡೆ ಐತೇನ್ರಿ?” ಎಂದು ಕೇಳಿದ. ಕಸ್ತೂರಿ ತಿರುಗಿ ನೋಡಿದಳು.  ಚಪ್ಪಲಿಯನ್ನೂ ಮೆಟ್ಟದೆ ಅವಳು ಓಡಿದ ಸದ್ದು ಬಂತು, ಹಿಂದೆಯೇ ಶಂಕ್ರಪ್ಪನ ಸದ್ದು.

ಅಷ್ಟರಲ್ಲಿ ನೀಲಗಂಗಾಳ ಕೈಗೆ ಮೂರು ಗಂಟು ಸಿಕ್ಕವು. ನಿಂತಳು. ಕಾಲು ಚಾಚಿದಳು, ಮೆಟ್ಟಿಲು ಇಲ್ಲ. ಎಡಕ್ಕೆ ಚಾಚಿದಳು, ಬಲಕ್ಕೆ ಚಾಚಿದಳು. ಕಾಲಿಗೆ ಸಿಕ್ಕದ್ದು ಬರೀ ಜಲ್ಲಿಕಲ್ಲು. ಫಿನಾಯಿಲಿನ ವಾಸನೆ ಇಲ್ಲ. ಎದುರಿಗೇ ಬಸ್ಸಿನ ಹಾರ್ನು. ಅವಳ ಬೆರಳು ನನ್ನ ಮೇಲೆ ಬಿಗಿಯಾಯಿತು. ಇಷ್ಟು ವರ್ಷ ಯಾರನ್ನೂ ಕರೆಯಬಾರದೆಂದು ನೀರು ಬಿಟ್ಟ ಹೆಂಗಸು. ಈಗ ಅವಳ ಸುತ್ತ ಇಡೀ ಶಿಬಿರ ಬಾಯಿಗೆ ಬೀಗ ಹಾಕಿಕೊಂಡು ನಿಂತಿತ್ತು. ಅವಳು ಕರೆಯದೆ ಯಾರೂ ಬರುವಂತಿರಲಿಲ್ಲ.

ನೀಲಗಂಗಾ ತಿರುಗಿ ನಿಂತಳು. ಎದೆ ತುಂಬ ಉಸಿರು ತೆಗೆದುಕೊಂಡಳು. ಹಾಡಿ ಪಳಗಿದ ಆ ಗಂಟಲಿನಿಂದ ಅಂಗಳದ ಆ ತುದಿಗೂ ಕೇಳುವಂತೆ ಕೂಗಿದಳು:

“ಯಾರ ಅದೀರಿ ಇಲ್ಲೆ? ಸಂಡಾಸ ಎಲ್ಲಿ ಹೋತು?”

 ಮಾವಿನ ಮರದ ಕೆಳಗಿನಿಂದ ಮಹಾನಿಂಗ, “ಅಲ್ಲೇ ಐತ್ರಿ ಅಕ್ಕಾರ, ನೀವ ಹಳಿಯಾಳಕ್ಕ ಹೊಂಟೀರಿ,” ಎಂದರು. ಇಡೀ ಅಂಗಳ ಗೊಳ್ಳೆಂದು ನಕ್ಕಿತು. ನೀಲಗಂಗಾಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗು ಅವಳ ಕೈಯಿಂದ ನನ್ನ ಮೈಯುದ್ದಕ್ಕೂ ಹರಿದು ಜಗುಲಿಯ ಕಂಬದವರೆಗೆ ಹೋಯಿತು. ನಕ್ಕವರ ಮೇಲೆ ಅವಳಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಬರಲಿಲ್ಲ. “ನಗೂದು ಆಮ್ಯಾಲ. ಮೊದ್ಲ ದಾರಿ ತೋರಸ್ರಿ, ತಡಿಯಂಗಿಲ್ಲ,” ಎಂದಳು. ಮತ್ತೆ ನಗು.

ಓಡಿಬಂದ ಕಸ್ತೂರಿ ಏದುಸಿರು ಬಿಡುತ್ತ ಅವಳ ಮುಂದೆ ನಿಂತಳು. ಮುಂಗೈ ಹಿಡಿಯಲಿಲ್ಲ. ತನ್ನ ಮೊಣಕೈಯನ್ನು ಮುಂದೆ ಮಾಡಿ, “ಹಿಡೀರಿ ಅಕ್ಕಾರ,” ಎಂದಳು. ಅವಳು ಅಳುತ್ತಿದ್ದಳು, ದನಿಯಲ್ಲೇ ಗೊತ್ತಾಗುತ್ತಿತ್ತು. ನೀಲಗಂಗಾ ಕೈ ಚಾಚಿ ಅವಳ ಮೊಣಕೈ ಹಿಡಿದಳು. ಇಬ್ಬರೂ ಹೋದರು. ನನಗೆ ಹೋದ ಜೀವ ಬಂದಂತಾಯಿತು.

ಶಂಕ್ರಪ್ಪ ಮಾತ್ರ ನಗಲಿಲ್ಲ. ಗೇಟಿನ ಕಂಬದ ಹತ್ತಿರ ನಿಂತು ನನ್ನ ಮೇಲೆ ಕೈಯಿಟ್ಟ. ಹಿಟ್ಟು ಮೆತ್ತಿ ಮೆತ್ತಿ ನುಣುಪಾದ ಅಂಗೈ.  ಕುಬೇರಪ್ಪ ಮಾಸ್ತರರು ಹತ್ತಿರ ಬಂದು, “ತಪ್ಪಾತ್ರಿ ಶಂಕ್ರಪ್ಪ. ಹಗ್ಗ ಇವತ್ತ ಬಿಚ್ಚಿಸ್ತೀನಿ,” ಎಂದರು.

ಶಂಕ್ರಪ್ಪ ನನ್ನ ಮೂರು ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ಕೇಳಿದ: “ಆಕಿ ಮನಿಯಾಗ ನೀರ ಕುಡಿಯಂಗಿಲ್ಲಲ್ರಿ ಮಾಸ್ತರ, ಇದರ ಸಲುವಾಗೇನು?”

ಮಾಸ್ತರರು ಹೇಳುವ ಅಗತ್ಯ ಇರಲಿಲ್ಲ. ತಂಗಿ ಗಂಡಸರ ಮುಂದೆ ಹೇಳಲಾರದ್ದನ್ನು ಆಗಲೇ ಹಳಿಯಾಳದ ರಸ್ತೆಗೂ ಕೇಳುವಂತೆ ಕೂಗಿ ಹೇಳಿದ್ದಳು. “ಇಷ್ಟ ವರ್ಷ ನನಗ ಹೊಳೀಲಿಲ್ಲಲ್ರಿ,” ಎಂದು ಶಂಕ್ರಪ್ಪ ಅಲ್ಲೇ ಕೂತುಬಿಟ್ಟ. ಅವನ ಕೈ ನನ್ನನ್ನು ಬಿಡಲಿಲ್ಲ.

ನನ್ನನ್ನು ಬಿಚ್ಚಲಿಲ್ಲ. ನೀಲಗಂಗಾಳನ್ನೂ ಕರೆದೊಯ್ಯಲಿಲ್ಲ. ಸಂಜೆಯ ಹೊತ್ತಿಗೆ ಶಂಕ್ರಪ್ಪನೇ ನನ್ನ ತುದಿಯನ್ನು ಮತ್ತೆ ಕಿಟಕಿಗೆ ಬಿಗಿದು, ತಾನೇ ಜಗ್ಗಿ ನೋಡಿ, ಊರಿಗೆ ಹೋದ. ಕಟ್ಟಳೆಗೆ ಕಸ್ತೂರಿ ಒಂದು ಬಾಲ ಸೇರಿಸಿದಳು: ಹಗ್ಗ ಹಿಡಿದವರನ್ನು ಮಾತಾಡಿಸಬೇಡಿ, ಆದರೆ ಹಗ್ಗವೇ ದಾರಿ ತಪ್ಪಿದ್ದರೆ ದಯವಿಟ್ಟು ಬಾಯಿ ಬಿಡಿ. ಮಹಾನಿಂಗ ಅದನ್ನು ಊಟಕ್ಕೆ ಮುಂಚೆ ದಿನಾ ಒಪ್ಪಿಸುತ್ತಿದ್ದರು. ಕಸ್ತೂರಿಯೂ ಬದಲಾಗಿದ್ದಳು. ಯಾರನ್ನೇ ಆಗಲಿ ಮೊದಲು ಕೇಳುತ್ತಿದ್ದಳು, ಆಮೇಲೆ ಮೊಣಕೈ ಕೊಡುತ್ತಿದ್ದಳು. ಆ ಹುಡುಗಿ ಮುಂದಿನ ಬೇಸಿಗೆಗಳಲ್ಲೂ ಅಲ್ಲಿಗೇ ಕೆಲಸಕ್ಕೆ ಹೋದಳೆಂದು ಕೇಳಿದ್ದೇನೆ.

ಶಿಬಿರದ ಕೊನೆಯ ದಿನ ಅವಳು ನನ್ನನ್ನು ಸುರುಳಿ ಸುತ್ತಿ ನೀಲಗಂಗಾಳ ಚೀಲಕ್ಕೆ ಹಾಕಿದಳು. ಹೀಗೆ ನಾನು ಹೆಬಸೂರಿಗೆ ಬಂದೆ. ಶಂಕ್ರಪ್ಪ ಹಿತ್ತಿಲ ಬಾಗಿಲಿಂದ ಸಂಡಾಸಿನವರೆಗೆ ನನ್ನನ್ನು ಕಟ್ಟಿದ. ಗಂಟುಗಳನ್ನು ನೀಲಗಂಗಾಳೇ ಹಾಕಿದಳು. ಉಳಿದ ನನ್ನ ಉದ್ದವನ್ನು ಕತ್ತರಿಸದೆ ತೊಲೆಗೆ ಸುತ್ತಿಟ್ಟರು. ಮೊದಲ ದಿನ ಅವಳು ಹಿತ್ತಿಲಿಗೆ ಹೋದಾಗ ಅಡುಗೆಮನೆಯಲ್ಲಿ ವೈನಿ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತಿತು. ಎದ್ದು ಬರುತ್ತಾಳೇನೋ ಎಂದು ನಾನೂ ಕಾದೆ. ಬರಲಿಲ್ಲ. ಮತ್ತೆ ತಪತಪ ಬಡಿಯತೊಡಗಿದಳು. ಅವತ್ತಿನ ನೆಮ್ಮದಿಯನ್ನು ಹೇಗೆ ಹೇಳಲಿ. ಅದು ನೀಲಗಂಗಾಳದ್ದೋ, ವೈನಿಯದೋ, ನನ್ನದೋ ಎಂದು ಬಿಡಿಸಿ ಹೇಳುವುದು ಕಷ್ಟ.

ಈಗ ನನಗೆ ವಯಸ್ಸಾಗಿದೆ. ಬಿಸಿಲು ಮಳೆಗೆ ನಾರು ಸಡಿಲಾಗಿದೆ, ಅಲ್ಲಲ್ಲಿ ಎಳೆ ಹರಿದಿದೆ. ಆದರೂ ಒಂದು ಜಂಬ ಮಾತ್ರ ಬಹಳ ದಿನ ಇಟ್ಟುಕೊಂಡಿದ್ದೆ. ಈ ಹೆಣ್ಣುಮಗಳು ಕುಡಿಯುವ ಪ್ರತಿ ಗುಟುಕು ನೀರೂ ನನ್ನಿಂದಲೇ ಎಂದುಕೊಂಡಿದ್ದೆ. ನಾನು ಹರಿದುಹೋದರೆ ಇವಳ ಗತಿಯೇನು ಎಂದು ಚಿಂತೆಯನ್ನೂ ಮಾಡುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ನೀಲಗಂಗಾ ಯಾರದೋ ಮದುವೆಗೆಂದು ಅಣ್ಣನ ಜೊತೆ ಹುಬ್ಬಳ್ಳಿಗೆ ಹೋಗಿ ಬಂದಳು. ಬಂದವಳು ಹಿತ್ತಿಲಲ್ಲಿ ಕಾಲು ತೊಳೆಯುತ್ತ ವೈನಿಗೆ ಹೇಳುತ್ತಿದ್ದಳು.

“ದಾರ್ಯಾಗ ಎರಡ ಗ್ಲಾಸ ಮಜ್ಜಗಿ ಕುಡದೆ ವೈನಿ. ಬಸ್ ಸ್ಟ್ಯಾಂಡಿನ್ಯಾಗ ಇಳಿದ ಕೂಡ್ಲೆ ಅವಸರ ಆತು. ಅಣ್ಣ ಆಟೋ ಕರಿಯಾಕ ಹೋಗಿದ್ದ.”

“ಅಯ್ಯ, ಮತ್ತೇನ್ ಮಾಡಿದಿ?”

“ಏನ್ ಮಾಡೂದು, ಕೇಳಿದೆ. ಬಾಜೂಕ ಮಲ್ಲಿಗಿ ವಾಸನಿ ಬರ್ತಿತ್ತು, ಹೂವಿನಾಕಿ ಇರಬೇಕಂತ, ಯವ್ವಾ, ಸಂಡಾಸ ಎಲ್ಲೈತಿ ಅಂದೆ. ಮೊಣಕೈ ಕೊಡು ಅಂದೆ. ಆಕಿ ಹೂವಿನ ಬುಟ್ಟಿ ಅಲ್ಲೇ ಇಟ್ಟು ಬಂದ್ಲು.”

“ಅಷ್ಟ ಮಂದ್ಯಾಗ ಕೇಳಿದೇನ?”

“ಹೂಂ. ಮಂದಿ ಯಾರೂ ಹೋಗಂಗಿಲ್ಲೇನ?” ಎಂದಳು ನೀಲಗಂಗಾ. ವೈನಿ ನಕ್ಕಳು.

ನಾನು ಇಬ್ಬರ ಪಕ್ಕದಲ್ಲೇ ಜೋತುಬಿದ್ದುಕೊಂಡು ಕೇಳುತ್ತಿದ್ದೆ. ಮೊದಲು ಕೊಂಚ ಮುಖಭಂಗವಾಯಿತು, ಸುಳ್ಳು ಹೇಳುವುದಿಲ್ಲ. ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನಾನಿರಲಿಲ್ಲ, ನನ್ನ ಗಂಟುಗಳಿರಲಿಲ್ಲ, ಕಸ್ತೂರಿಯ ಕಟ್ಟಳೆಯೂ ಇರಲಿಲ್ಲ. ಆಮೇಲೆ ಎಷ್ಟೋ ವರ್ಷದಿಂದ ಬಿಗಿದುಕೊಂಡಿದ್ದ ಮೈ ಹಗುರಾಯಿತು. ಇನ್ನು ನಾನು ಯಾವತ್ತು ಹರಿದು ಬಿದ್ದರೂ ಚಿಂತೆಯಿಲ್ಲ. ನಾನಿಲ್ಲದ ಊರಿನಲ್ಲೂ ನೀಲಗಂಗಾ ನೀರು ಕುಡಿಯುತ್ತಾಳೆ.